ಸ್ಕೂಟರ್ ಎಳೀತಿಲ್ವಾ? ಮೊದಲು ಬೆಲ್ಟ್ ನೋಡಿ

ಸೆಕೆಂಡ್ ಹ್ಯಾಂಡ್ ಸ್ಕೂಟರ್‌ನಲ್ಲಿ ಸೊಪ್ಪು, ಗೂಡು ಸಾಗಿಸೋ ಅಣ್ಣತಮ್ಮಂದಿರಿಗೆ ಇದನ್ನ ಬರೀತಿದೀನಿ. ಶಿಡ್ಲಘಟ್ಟ ಮಾರ್ಕೆಟ್‌ಗೆ ಗೂಡು ಹಾಕೋಕೆ ನಾಲ್ಕು ದಿನ ಇದ್ದಾಗ ನನ್ನ ಗಾಡಿ ಎಳೆಯೋದು ನಿಲ್ಲಿಸ್ತು. ಗೂಡು ಕಾಯಲ್ಲ, ಚಿಟ್ಟೆ ತೂತು ಮಾಡಿದ್ರೆ ನೂಲು ಬಿಚ್ಚೋಕಾಗಲ್ಲ. ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಅರಚುತ್ತೆ, ಗಾಡಿ ಏರು ಹತ್ತಲ್ಲ. ಒಬ್ಬ ಮೆಕ್ಯಾನಿಕ್ "ಬೋರ್ ಹೋಗಿದೆ, ಇಂಜಿನ್ ಬಿಚ್ಚಬೇಕು" ಅಂದ. ನಾನು ಒಪ್ಪಲಿಲ್ಲ. ಹೊಗೆ ಇಲ್ಲ, ಆಯಿಲ್ ಕಮ್ಮಿಯಾಗಿಲ್ಲ. ಇಂಜಿನ್ ಜೋರಾಗೇ ತಿರುಗ್ತಿದೆ, ಆ ಶಕ್ತಿ ಚಕ್ರಕ್ಕೆ ಮುಟ್ತಿಲ್ಲ ಅಷ್ಟೇ.

ಬೇರೆ ಕಡೆ ಎಡಗಡೆ ಕವರ್ ಬಿಚ್ಚಿಸಿದೆ. ಒಳಗೆಲ್ಲ ಕರೀ ಧೂಳು. ಬೆಲ್ಟನ್ನ ಹೊಸದರ ಪಕ್ಕ ಇಟ್ರೆ ಅಗಲ ಸವೆದಿದ್ದು ಕಣ್ಣಿಗೇ ಕಾಣ್ತಿತ್ತು, ಹಲ್ಲಿನ ಸಂದೀಲಿ ಬಿರುಕು. ಮುಂದಿನ ಪುಲ್ಲಿ ಒಳಗೆ 6 ರೋಲರ್ ಇರ್ತವೆ. ಸ್ಪೀಡ್ ಹೆಚ್ಚಿದಂಗೆ ಅವು ಹೊರಕ್ಕೆ ಉರುಳಿ ಪುಲ್ಲಿ ಒತ್ತಿ ಬೆಲ್ಟನ್ನ ಮೇಲಕ್ಕೆ ಏರಿಸಬೇಕು, ಅದೇ ಈ ಗಾಡಿಯ ಗೇರು. ನನ್ನವು ಒಂದು ಕಡೆ ಚಪ್ಪಟೆಯಾಗಿದ್ವು. ಹಿಂದಿನ ಕ್ಲಚ್ ಶೂ ಗಾಜಿನಂಗೆ ಹೊಳೀತಿತ್ತು. ದಪ್ಪ ಇನ್ನೂ ಇದ್ದಿದ್ರಿಂದ ಎಮರಿ ಪೇಪರ್‌ನಲ್ಲಿ ಉಜ್ಜಿ ವಾಪಸ್ ಹಾಕಿಸಿದೆ.

ಹಗುರ ರೋಲರ್ ಹಾಕಿಸಿದ್ರೆ ಏರು ಚೆನ್ನಾಗಿ ಹತ್ತುತ್ತೆ ಅಂತಾರೆ. ನಿಜ, ಆದ್ರೆ ಇಂಜಿನ್ ಜಾಸ್ತಿ ತಿರುಗಿ ಪೆಟ್ರೋಲ್ ತಿನ್ನುತ್ತೆ. ನಾನು ಕಂಪನಿ ತೂಕದ್ದೇ ಹಾಕಿಸಿದೆ. ಬೆಲ್ಟ್ ಮೇಲೆ ಬಾಣ ಇದ್ರೆ ತಿರುಗೋ ದಿಕ್ಕಿಗೇ ಕೂರಿಸಿ, ಗ್ರೀಸ್ ತಾಗಿಸಬೇಡಿ.

ಗೂಡು ಹೊತ್ತಿಗೆ ಸರಿಯಾಗಿ ಮಾರ್ಕೆಟ್ ಸೇರ್ತು. ಬೆಲ್ಟ್ ಹಾಕಿಸಿದ ದಿನದ ಮೀಟರ್ ರೀಡಿಂಗ್ ಡಿಕ್ಕಿ ಮುಚ್ಚಳದ ಒಳಗೆ ಬರೆದಿಟ್ಟಿದೀನಿ. ಹಳೇ ಗಾಡಿ ಕೊಳ್ಳೋರು ಬೆಲ್ಟ್ ಯಾವಾಗ ಬದಲಾಗಿದೆ ಅಂತ ಕೇಳ್ಕೊಳ್ಳಿ.