ಲೊಂಬೊಕ್ ಕರಾವಳಿಯಲ್ಲಿ ಎಂಟು ಸೈಕಲ್

ನಂದಿ ಬೆಟ್ಟಕ್ಕೆ ಸೈಕಲ್ ತುಳಿದು ಅಭ್ಯಾಸ ಇರೋರಿಗೆ ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಕರಾವಳಿ ರಸ್ತೆ ಮ್ಯಾಪಿನಲ್ಲಿ ಏನೂ ಅಲ್ಲ ಅನ್ನಿಸುತ್ತೆ. ಸೆಂಗಿಗಿಯಿಂದ ಉತ್ತರಕ್ಕೆ ಬಂಗ್ಸಾಲ್ ಬಂದರಿನವರೆಗೆ ಸುಮಾರು 25 ಕಿಲೋಮೀಟರ್. ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ. ವಾಹನಗಳೂ ನಮ್ಮಲ್ಲಿಯ ಹಾಗೇ ಎಡಬದಿಯಲ್ಲೇ ಓಡೋದು.

ಆದರೆ ನಂದಿಯದ್ದು ಒಂದೇ ಏರು, ಲಯ ಸಿಕ್ಕರೆ ಸಾಕು. ಇಲ್ಲಿ ಪ್ರತಿ ಕೊಲ್ಲಿಗೂ ರಸ್ತೆ ಮರಳಿನ ಮಟ್ಟಕ್ಕೆ ಇಳಿದು, ಉಸಿರು ತಗೊಳ್ಳೋಕೂ ಬಿಡದೆ ಮತ್ತೆ ಏರುತ್ತೆ. ಅದಕ್ಕೆ ಈ ಸೆಕೆ ಬೇರೆ. ಗಾಳಿಯಲ್ಲೇ ಅಷ್ಟು ತೇವ ಇರೋವಾಗ ಬೆವರು ಆರಲ್ಲ, ಸುಮ್ಮನೆ ಸುರಿಯುತ್ತೆ, ಮೈ ತಣ್ಣಗಾಗಲ್ಲ.

ನಾವು ಎಂಟು ಜನ, ಎಲ್ಲ ಬೆಂಗಳೂರಿನ ಒಂದೇ ಆಫೀಸಿನವರು. ಜೊತೆಗೆ ಇಲ್ಲಿಯ ಸಾಸಕ್ ಜನಾಂಗದ ಗೈಡ್, ಹಿಂದೊಂದು ಪಿಕಪ್ ಗಾಡಿ. ನಮ್ಮಲ್ಲಿ ಹಿರಿಯರು ಸುಧಾ ಮೇಡಂ, 52 ವರ್ಷ. ಎಂಟು ತಿಂಗಳ ಹಿಂದೆ ಮಂಡಿ ಆಪರೇಷನ್ ಆಗಿತ್ತು. ಡಾಕ್ಟರ್ ಸೈಕಲ್ ತುಳಿಯೋಕೆ ಒಪ್ಪಿದ್ದರು, ನೋವು ಬಂದರೆ ಅಲ್ಲೇ ನಿಲ್ಲಿಸಬೇಕು ಅನ್ನೋ ಷರತ್ತಿನ ಮೇಲೆ. “ನನಗೋಸ್ಕರ ಯಾರೂ ಕಾಯಬೇಡ್ರಪ್ಪ” ಅಂತ ಅವರು ಬೆಳಿಗ್ಗೆಯೇ ಹೇಳಿದ್ದರು. ಈ ಮಾತನ್ನ ನಿಜ ಅಂತ ನಂಬೋ ಗುಂಪಿನ ಜೊತೆ ಪ್ರವಾಸ ಹೋಗಬಾರದು, ಅಷ್ಟೇ.

ಗೈಡ್ ಅವರನ್ನೇ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ನಿಧಾನದವರು ಮುಂದೆ, ಅವರನ್ನು ಯಾರೂ ದಾಟಬಾರದು. “ಪೆಲಾನ್ ಪೆಲಾನ್” ಅಂದರು. ನಿಧಾನ, ನಿಧಾನ ಅಂತ. ನಮ್ಮ ಇಬ್ಬರು ಹುಡುಗರ ಮುಖ ಸಪ್ಪಗಾಯಿತು. ಅವರ ವಾಚಿನಲ್ಲಿ ಸರಾಸರಿ ವೇಗ ನೋಡೋ ಹಾಗಿರಲಿಲ್ಲ. ಮೂರನೇ ಏರಿನ ಹೊತ್ತಿಗೆ ಅವರೂ ಸುಮ್ಮನಾದರು. ಬೇಗ ಹತ್ತಿ ಬಿಸಿಲಲ್ಲಿ ಕಾಯೋದಕ್ಕಿಂತ ಒಂದೇ ಹದದಲ್ಲಿ ತುಳಿಯೋದು ವಾಸಿ ಅಂತ ಕಾಲೇ ಹೇಳುತ್ತೆ.

ಮಲಿಂಬು ಏರಿನಲ್ಲಿ ಮೇಡಂ ಇಳಿದು ಸೈಕಲ್ ತಳ್ಳಿದರು. ಇಡೀ ಸಾಲೇ ಇಳಿದು ತಳ್ಳಿತು. ಮೇಲೆ ನಿಂತರೆ ಗಿಲಿ ದ್ವೀಪಗಳು ಮೂರೂ ಸಾಲಾಗಿ ಕಾಣುತ್ತವೆ. ಪಶ್ಚಿಮಕ್ಕೆ ಜಲಸಂಧಿಯ ಆಚೆ ಬಾಲಿಯ ಆಗುಂಗ್ ಪರ್ವತ. ನೋಡೋಕೆ ಇಷ್ಟು ಹತ್ತಿರ, ಆದರೆ ಈ ನೀರು ತುಂಬಾ ಆಳ. ಹಿಮಯುಗದಲ್ಲಿ ಸಮುದ್ರ ತಗ್ಗಿದಾಗ ಬಾಲಿ ಜಾವಾಕ್ಕೆ ಅಂಟಿಕೊಂಡಿತ್ತಂತೆ. ಲೊಂಬೊಕ್ ಮಾತ್ರ ಆಗಲೂ ಬೇರೆಯೇ. 1856ರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಈ ಜಲಸಂಧಿ ದಾಟಿ ಬಂದಾಗ ಬಾಲಿಯಲ್ಲಿ ಕಂಡ ಎಷ್ಟೋ ಹಕ್ಕಿಗಳು ಇಲ್ಲಿ ಕಾಣಲಿಲ್ಲ, ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ ಕಂಡವು. ಏಷ್ಯಾದ ಪ್ರಾಣಿಲೋಕದ ಗಡಿ ಅಂತ ಹೇಳೋ ವಾಲೇಸ್ ರೇಖೆ ಹಾದು ಹೋಗೋದು ಇಲ್ಲೇ. ಮೇಡಂ ಮಂಡಿ ನೀವಿಕೊಳ್ಳುತ್ತಾ ಇದನ್ನೆಲ್ಲ ಕೇಳಿ, “ಹಕ್ಕಿಗಳೇ ದಾಟಿಲ್ಲ ಅಂದ್ರೆ ನಂದೇನು ಬಿಡಿ” ಅಂದರು.

ಕೆಳಗೆ ನಿಪಾ ಬೀಚಿನಲ್ಲಿ ಕೆಂಡದ ಮೇಲೆ ಸುಟ್ಟ ಮೀನು, ಎಳನೀರು. 2018ರ ಆಗಸ್ಟಿನ ಭೂಕಂಪ ಉತ್ತರ ಲೊಂಬೊಕ್‌ನಲ್ಲಿ ಊರಿಗೆ ಊರನ್ನೇ ಕೆಡವಿದ್ದನ್ನು ಗೈಡ್ ಹೇಳಿದ್ದು ಇಲ್ಲೇ. ಎರಡೇ ಮಾತಿನಲ್ಲಿ ಮುಗಿಸಿ, ಎದ್ದು ಎಲ್ಲರ ಬ್ರೇಕ್ ಪರೀಕ್ಷೆ ಮಾಡಿದರು.

ಹೊರಡುವಾಗ ಮೇಡಂ ಏಳಲಿಲ್ಲ. ಮಂಡಿ ಊದಿಕೊಂಡಿತ್ತು. ಉಳಿದಿದ್ದು ಸ್ವಲ್ಪವೇ ದಾರಿ. ತಳ್ಳಿಕೊಂಡು ಹೋಗೋಣ ಅಂತ ನಾವೆಲ್ಲ ಒತ್ತಾಯ ಮಾಡಿದೆವು. ಅವರು ಸೈಕಲ್ ನೋಡಿದರು, ಮುಂದಿನ ಏರು ನೋಡಿದರು, ಪಿಕಪ್ ಡ್ರೈವರ್‌ಗೆ ಕೈ ಬೀಸಿದರು. “ನಾಳೆಯೂ ನಡೀಬೇಕಲ್ಲ ನಾನು” ಅಂದರು.

ಈಗ ಮುಂದೆ ಯಾರು? ಗೈಡ್ ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ಬೆರಳು ತೋರಿಸಿದರು. ಏರಿನ ಅರ್ಧದಲ್ಲಿ ಪಿಕಪ್ ಪಕ್ಕಕ್ಕೆ ಬಂತು. ಕಿಟಕಿಯಿಂದ ಮೇಡಂ ದನಿ: “ಪೆಲಾನ್ ಪೆಲಾನ್ ಕಣೋ!”