ಬೀಳುವ ವಿದ್ಯೆ

ಬೇಸಿಗೆ ರಜೆ ಹತ್ತಿರವಾದಂತೆ ಊರಿನ ಗೋಡೆಗಳಿಗೆ ಹೊಸ ಕಳೆ ಬರುತ್ತದೆ. ಅಬ್ಯಾಕಸ್, ಚಿತ್ರಕಲೆ, ಈಜು, ಕೀಬೋರ್ಡು ಎಂಬ ಚೀಟಿಗಳ ನಡುವೆ, ಗಾಳಿಯಲ್ಲಿ ಕಾಲೆತ್ತಿ ನಿಂತ ಬಿಳಿ ಉಡುಪಿನ ಯುವಕನ ಚಿತ್ರವುಳ್ಳ ಕರಾಟೆ ತರಗತಿಯ ಚೀಟಿ ತಪ್ಪದೆ ಇರುತ್ತದೆ. ಅದೇ ಬೀದಿಯ ತುದಿಯಲ್ಲಿ, ಯಾವ ಚೀಟಿಯನ್ನೂ ಅಂಟಿಸದ ಗರಡಿಮನೆಯೊಂದು ಇದ್ದರೂ ಇರಬಹುದು. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಅಂಥವು ಇವತ್ತಿಗೂ ಇವೆ. ತಗ್ಗಾದ ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು, ಮೂಲೆಯಲ್ಲಿ ಹನುಮಂತ. ಹನುಮಂತನ ಮುಂದೆ ನಿಂತು ಕಲಿಸುವವನನ್ನು ಕರೆಯುವುದು ಮಾತ್ರ ಪಾರ್ಸಿಯ 'ಉಸ್ತಾದ್' ಎಂಬ ಹೆಸರಿನಿಂದ. ಇದರಲ್ಲಿ ಯಾರಿಗೂ ವಿಚಿತ್ರ ಕಂಡಿಲ್ಲ. ಮಟ್ಟಿಯಲ್ಲಿ ಮಣ್ಣು ಮೆತ್ತಿಕೊಂಡ ಮೇಲೆ ಯಾರು ಯಾವ ಕೇರಿಯವರೆಂದು ಗುರುತು ಹಿಡಿಯುವುದೂ ಕಷ್ಟ.

ಮಗನನ್ನೋ ಮಗಳನ್ನೋ ಇಂಥ ಕಡೆ ಸೇರಿಸಲು ಬರುವ ತಂದೆತಾಯಿ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ತಿಂಗಳಲ್ಲಿ ಕಲಿಯುತ್ತಾನೆ? ಗುರುಗಳು ಎಷ್ಟು ಪದಕ ಗೆದ್ದಿದ್ದಾರೆ? ಎರಡೂ ಅಷ್ಟೇನೂ ಉಪಯೋಗಕ್ಕೆ ಬಾರದ ಪ್ರಶ್ನೆಗಳು. ಕೇಳಬೇಕಾದದ್ದು, ಮೊದಲ ತಿಂಗಳು ಏನು ಹೇಳಿಕೊಡುತ್ತೀರಿ ಎಂದು. ಕುಸ್ತಿ, ಜೂಡೋದಂತೆ ಹಿಡಿದು ಕೆಡಹುವ ವಿದ್ಯೆಯಾದರೆ ಆ ಉತ್ತರದಲ್ಲಿ 'ಬೀಳುವುದು' ಎಂಬ ಮಾತು ಬರಲೇಬೇಕು. ಕರಾಟೆಯಂಥ ಹೊಡೆಯುವ ವಿದ್ಯೆಯಾದರೆ 'ಹೊಡೆತವನ್ನು ತಡೆದು ನಿಲ್ಲಿಸುವುದು' ಎಂಬುದು ಬರಬೇಕು. ಬಾರದಿದ್ದರೆ ನಮಸ್ಕಾರ ಹೇಳಿ ಬರುವುದು ಒಳ್ಳೆಯದು.

ಜೂಡೋ ಕಟ್ಟಿದ ಜಿಗೊರೊ ಕಾನೊ ವೃತ್ತಿಯಿಂದ ಮೇಷ್ಟ್ರು. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದಾಗ ಅವನು ಹಳೆಯ ಜುಜುತ್ಸುವಿನ ಅಪಾಯಕರ ಪಟ್ಟುಗಳನ್ನು ಅಭ್ಯಾಸದ ಕುಸ್ತಿಯಿಂದ ದೂರವಿಟ್ಟ. ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವ ಕ್ರಮ, ಅಲ್ಲಿ ಮೊದಲ ಪಾಠ. ಕರಾಟೆಯನ್ನು ಒಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೋಗೆ ತಂದು ತೋರಿಸಿದ ಗಿಚಿನ್ ಫುನಾಕೋಶಿ ಕೂಡ ಶಾಲಾ ಮೇಷ್ಟ್ರೇ. ಇಬ್ಬರು ಉಪಾಧ್ಯಾಯರ ಕೈ ತಾಗಿದ್ದರಿಂದಲೋ ಏನೋ, ಈ ವಿದ್ಯೆಗಳಿಗೆ ತರಗತಿ, ದರ್ಜೆ, ಪರೀಕ್ಷೆಗಳೆಲ್ಲ ಅಂಟಿಕೊಂಡವು. ಪರೀಕ್ಷೆಯ ಜೊತೆಗೆ ಪರೀಕ್ಷಾ ಶುಲ್ಕವೂ.

ಬೀಳುವುದರಲ್ಲಿ ಕಲಿಯಲು ಏನಿದೆ ಎನ್ನುವವರಿಗೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಒಂದು ಮೀಟರ್ ಎತ್ತರದಿಂದ, ಅಂದರೆ ಹೆಚ್ಚುಕಡಿಮೆ ಸೊಂಟದ ಮಟ್ಟದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್, ಗಂಟೆಗೆ 16 ಕಿಲೋಮೀಟರ್. ಸೈಕಲ್ಲಿನಲ್ಲಿ ಹೋಗುತ್ತ ಗೋಡೆಗೆ ಗುದ್ದಿದ ಹಾಗೆ. ಈ ವೇಗ ಒಂದು ಸೆಂಟಿಮೀಟರಿನೊಳಗೆ ನಿಂತುಹೋದರೆ ದೇಹ ತಡೆದುಕೊಳ್ಳಬೇಕಾದ ಸರಾಸರಿ ಬಲ ಅದರ ತೂಕದ ನೂರು ಪಟ್ಟು. ಹತ್ತು ಸೆಂಟಿಮೀಟರಿನಲ್ಲಿ ನಿಂತರೆ ಹತ್ತು ಪಟ್ಟಿನ ಆಸುಪಾಸು. ಸಿಮೆಂಟು ನೆಲಕ್ಕೂ ಚೆನ್ನಾಗಿ ಅಗೆದು ಸಡಿಲಿಸಿದ ಮಟ್ಟಿಗೂ ಇರುವ ವ್ಯತ್ಯಾಸವೆಲ್ಲ ಇಷ್ಟೇ. ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಬಾಗಿಸಿ ಉರುಳುವುದು, ತೋಳಿನ ಇಡೀ ಉದ್ದವನ್ನು ನೆಲಕ್ಕೆ ಬಡಿಯುವುದು, ಇವೆಲ್ಲ ಪೆಟ್ಟನ್ನು ಹೆಚ್ಚು ಹೊತ್ತಿಗೆ, ಹೆಚ್ಚು ಜಾಗಕ್ಕೆ ಹಂಚುವ ಉಪಾಯಗಳು. ಕಲಿಯದವನು ಏನು ಮಾಡುತ್ತಾನೆ? ಅಂಗೈ ಊರುತ್ತಾನೆ. ಮಣಿಕಟ್ಟು ಮುರಿಯುತ್ತದೆ.

ಹಾಗಾಗಿ ಸೇರುವ ಮೊದಲು ನೆಲವನ್ನು ನೋಡಬೇಕು. ಮಹಡಿಯ ಮೇಲಿನ ಮೊಸಾಯಿಕ್ ನೆಲಕ್ಕೆ ತೆಳು ಜಮಖಾನ ಹಾಸಿ ಕೆಡಹುವುದನ್ನು ಕಲಿಸುವವರಿದ್ದಾರೆ. ಗುರು ಎಷ್ಟೇ ದೊಡ್ಡವನಾಗಿರಲಿ, ಮೊಸಾಯಿಕ್ ಅವನ ಮಾತು ಕೇಳುವುದಿಲ್ಲ.

ಮೈಸೂರಿನ ಗರಡಿಯೊಂದಕ್ಕೆ ಗುಮಾಸ್ತರೊಬ್ಬರು ಎಂಟನೆಯ ತರಗತಿಯ ಮಗನನ್ನು ಕರೆತಂದರು. ಹುಡುಗ ಸಣಕಲ, ಶಾಲೆಯ ವ್ಯಾನಿನಲ್ಲಿ ದೊಡ್ಡ ಹುಡುಗರ ಕೈಯಲ್ಲಿ ದಿನವೂ ಏಟು. ಬೆಳಿಗ್ಗೆ ವ್ಯಾನು ಹಾರನ್ ಮಾಡಿದರೆ ಹೊಟ್ಟೆನೋವು ಬರುತ್ತಿತ್ತು. ತಂದೆ ಅವಸರದಲ್ಲಿದ್ದರು.

"ಒಂದೆರಡು ಪಟ್ಟು ಹೇಳ್ಕೊಟ್ಬಿಡಿ ಉಸ್ತಾದ್ರೆ, ಸಾಕು."

"ಪಟ್ಟು ಎಲ್ಲಿಗೆ ಓಡೋಯ್ತದೆ ಸ್ವಾಮಿ? ಒಂದು ವಾರ ಇಲ್ಲೇ ಕೂತ್ಕೊಂಡು ನೋಡ್ಲಿ. ಆಮೇಲೆ ಬೀಳೋದು ಕಲೀಲಿ. ಹೊಡೆಯಾಕೆ ಅಂತ ಬಂದೋರು ಇಲ್ಲಿ ತಿಂಗಳೂ ನಿಲ್ಲಾಕಿಲ್ಲ. ವ್ಯಾನಿನ ಇಸ್ಯ ನೀವು ಸ್ಕೂಲ್ನೋರಿಗೆ ಹೇಳಿ."

ತಂದೆಗೆ ನಿರಾಸೆಯಾಯಿತು. ಆದರೆ ಉಸ್ತಾದರು ಹೇಳಿದ್ದು ಸರಿಯಾಗಿಯೇ ಇತ್ತು. ಮೂವರು ಸೇರಿ ಒಬ್ಬನನ್ನು ಹೊಡೆಯುವ ಕಡೆ ಆರು ತಿಂಗಳ ಕುಸ್ತಿ ಕೆಲಸಕ್ಕೆ ಬಾರದು; ಬರುತ್ತದೆಂದು ನಂಬಿಸುವ ಗುರು ಹುಡುಗನನ್ನು ಇನ್ನೂ ದೊಡ್ಡ ಏಟಿಗೆ ಕಳಿಸುತ್ತಾನೆ. ಕೊನೆಗೆ ತಂದೆ ಶಾಲೆಗೆ ಹೋದರು, ಮುಖ್ಯೋಪಾಧ್ಯಾಯರು ವ್ಯಾನಿನಲ್ಲಿ ಒಬ್ಬ ಆಯಾಳನ್ನು ಕೂರಿಸಿದರು, ಏಟು ನಿಂತಿತು. ಗರಡಿಗೆ ಹೋಗುವ ಕಾರಣ ಮುಗಿದರೂ ಹುಡುಗ ಗರಡಿ ಬಿಡಲಿಲ್ಲ. ಹೊಟ್ಟೆನೋವು ಬಿಟ್ಟಿತು.

ಪಟ್ಟಿಗಳ ಮೋಹದ ಬಗ್ಗೆ ಒಂದು ಮಾತು ಹೇಳಲೇಬೇಕು. ಮಕ್ಕಳಿಗೆ ಬಣ್ಣದ ಪಟ್ಟಿ ಇಷ್ಟ, ಅದರಲ್ಲಿ ತಪ್ಪಿಲ್ಲ. ಆದರೆ ಮೂರು ತಿಂಗಳಿಗೊಂದು ಪರೀಕ್ಷೆ, ಹೋದವರೆಲ್ಲ ಪಾಸು, ಪ್ರತಿ ಸಲವೂ ಶುಲ್ಕ ಎಂದಾದರೆ ಅಲ್ಲಿ ಮಾರಾಟವಾಗುತ್ತಿರುವುದು ಪಟ್ಟಿಯೇ. ಕಪ್ಪು ಪಟ್ಟಿಯ ಮೊದಲ ದರ್ಜೆಯನ್ನು ಜಪಾನೀಯರು ಶೋದಾನ್ ಎನ್ನುತ್ತಾರೆ. ಹಾಗೆಂದರೆ ಮೊದಲ ಮೆಟ್ಟಿಲು, ಅಷ್ಟೇ. ನಮ್ಮಲ್ಲಿ ಅದನ್ನು ಮಹಡಿ ಎಂದುಕೊಂಡವರು ಬಹಳ. ಪ್ರವೇಶ, ಉಡುಪು, ಪರೀಕ್ಷೆ, ಪಂದ್ಯಕ್ಕೆ ಬೇರೆ ಊರಿಗೆ ಹೋಗುವ ಖರ್ಚು, ಇಡೀ ವರ್ಷದ ಲೆಕ್ಕವನ್ನು ಮೊದಲ ದಿನವೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಗರಡಿಗಳಲ್ಲಿ ಹಲವು ಕಡೆ ಈ ರಗಳೆಯಿಲ್ಲ. ಹೂವು, ಹಣ್ಣು, ಕಾಯಿ, ಎಲೆಅಡಿಕೆಯ ಮೇಲೆ ಕೈಲಾದ ದಕ್ಷಿಣೆ.

ಶಾಲಾ ವಾರ್ಷಿಕೋತ್ಸವಗಳಲ್ಲಿ ಹಲಗೆ ಒಡೆಯುವ ಪ್ರದರ್ಶನ ನೋಡಿ ಮಾರುಹೋಗುವವರೂ ಇದ್ದಾರೆ. ಮರದ ಎಳೆಯ ಗುಂಟ ಹೊಡೆದರೆ ಹಲಗೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಹೊಡೆದರೆ ಕೈ ಸೀಳುತ್ತದೆ. ಹೆಂಚುಗಳ ನಡುವೆ ಸಂದು ಬಿಟ್ಟು ಜೋಡಿಸಿದರೆ ಅವು ಒಟ್ಟಿಗೆ ಅಲ್ಲ, ಒಂದಾದ ಮೇಲೊಂದರಂತೆ ಮುರಿಯುತ್ತವೆ. ಮಕ್ಕಳ ಮೂಳೆಯ ತುದಿಗಳಲ್ಲಿ ಇನ್ನೂ ಬೆಳೆಯುತ್ತಿರುವ ಮೃದು ಪದರವಿರುತ್ತದೆ. ಹತ್ತು ಹನ್ನೆರಡರ ಹುಡುಗರ ಬೆರಳಗೆಣ್ಣನ್ನು ಗಟ್ಟಿ ವಸ್ತುವಿಗೆ ಬಡಿಸಿ 'ಗಟ್ಟಿ' ಮಾಡುವ ಕಡೆಗೆ ಮಕ್ಕಳನ್ನು ಕಳಿಸಬಾರದು.

ಇನ್ನು ಗರಡಿಯ ಮಣ್ಣು. ಅರಿಶಿನ, ಕರ್ಪೂರ, ಎಣ್ಣೆ ಬೆರೆಸಿ ಹದಗೊಳಿಸಿದ ಆ ಮಣ್ಣಿಗೆ ಔಷಧಿಗುಣವಿದೆ ಎಂದು ಪೈಲ್ವಾನರು ನಂಬುತ್ತಾರೆ. ನಂಬಿಕೆ ಇರಲಿ, ಆದರೆ ಧನುರ್ವಾಯುವಿನ ರೋಗಾಣು ಬೀಜಕಗಳ ವಾಸ ಮಣ್ಣಿನಲ್ಲೇ, ಮಟ್ಟಿಯಲ್ಲಿ ತರಚುಗಾಯ ದಿನನಿತ್ಯದ ಸಂಗತಿ. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ಕೊಡುವ ಚುಚ್ಚುಮದ್ದು ಆಗಿದೆಯೇ ಎಂದು ನೋಡಿಯೇ ಕಳಿಸಬೇಕು. ಗಜಕರ್ಣ ಒಬ್ಬರಿಂದೊಬ್ಬರಿಗೆ ಬೇಗ ಹರಡುತ್ತದೆ; ಅಭ್ಯಾಸವಾದ ಕೂಡಲೇ ಸ್ನಾನ, ಯಾರ ಲಂಗೋಟಿ ಟವೆಲ್ಲು ಅವರಿಗೇ. ಹಳೆಯ ಪೈಲ್ವಾನರ ಮುದುಡಿದ ಕಿವಿ ಹೆಮ್ಮೆಯ ಗುರುತೆಂಬ ಮಾತಿದೆ. ಅದು ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿ ಹಾಗೇ ಬಿಟ್ಟದ್ದರ ಫಲ, ಕಿವಿ ಊದಿದ ದಿನವೇ ವೈದ್ಯರಿಗೆ ತೋರಿಸಿದರೆ ಬಹುಪಾಲು ತಪ್ಪಿಸಬಹುದು. ತಲೆಗೆ ಪೆಟ್ಟಾಗಿ ತಲೆ ತಿರುಗಿದರೆ, ವಾಂತಿ ಬಂದರೆ ಅವತ್ತಿಗೆ ಆಟ ಮುಗಿಯಿತು. 'ನೀರು ಕುಡಿದು ಬಾ, ಮತ್ತೆ ನಿಲ್ಲು' ಎನ್ನುವ ಗುರುವಿನಿಂದ ಅವತ್ತೇ ಹುಡುಗನನ್ನು ಬಿಡಿಸಿಕೊಂಡು ಬರಬೇಕು.

ಊಟದ ವಿಷಯಕ್ಕೆ ಇಷ್ಟೊಂದು ಗಾಬರಿ ಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವ್ಯಾಯಾಮ, ಆಹಾರಗಳ ವಿವರವೇ ಇದೆ. ಅದು ಅರಮನೆಯ ಮಲ್ಲರಿಗೆ. ಹೊಸ ಹುಡುಗನಿಗೆ ರಾಗಿಮುದ್ದೆ, ಕಾಳು, ಹಾಲು, ಆಗುವವರಿಗೆ ಮೊಟ್ಟೆ ಸಾಕು. ಡಬ್ಬಿಯ ಪುಡಿ, ಅದಕ್ಕಿಂತ ಮಿಗಿಲಾಗಿ ಸೂಜಿ, ಇವುಗಳ ಮಾತೆತ್ತುವವರ ಸಹವಾಸ ಬೇಡ.

ಗರಡಿಯೇ ಕೊನೆಯೆಂದೂ ತಿಳಿಯಬೇಕಿಲ್ಲ. ಮಣ್ಣಿನಲ್ಲಿ ಕಲಿತ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಮೇಲೆ ತಡವರಿಸಿಯೂ ಆರನೆಯವರಾದರು. ಮ್ಯಾಟಿನ ಕುಸ್ತಿಯನ್ನು ಪಳಗಿಸಿಕೊಂಡು 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದು. ಪಂದ್ಯಗಳಿಗೆ ಹೋಗುವ ಆಸೆಯಿದ್ದರೆ ಒಂದಲ್ಲ ಒಂದು ದಿನ ಮ್ಯಾಟು ಬೇಕು. ಹೆಣ್ಣುಮಕ್ಕಳಿಗೂ ಈಗ ದಾರಿ ತೆರೆದಿದೆ. 2004ರಿಂದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕುಸ್ತಿಯಿದೆ, ಮೈಸೂರು ದಸರಾ ಕುಸ್ತಿಯಲ್ಲೂ ಹುಡುಗಿಯರ ಪಂದ್ಯಗಳು ನಡೆಯುತ್ತವೆ.

ಯಾವುದಕ್ಕೆ ಸೇರಿಸುವುದಾದರೂ ಹೇಳದೆ ಕೇಳದೆ ಒಂದು ಸಂಜೆ ಹೋಗಿ ಪೂರ್ತಿ ಒಂದು ಗಂಟೆ ಕೂತು ನೋಡುವುದು ಲೇಸು. ಪಾಲಕರು ನೋಡಬಾರದು ಎಂದು ಬಾಗಿಲು ಹಾಕಿಕೊಳ್ಳುವ ತರಗತಿ ಗಂಡುಮಕ್ಕಳಿಗೂ ಬೇಡ, ಹೆಣ್ಣುಮಕ್ಕಳಿಗೂ ಬೇಡ. ಕೂತಾಗ ಎಲ್ಲರ ಕಣ್ಣೂ ಹೋಗುವುದು ಮುಂದಿನ ಸಾಲಿನ ಚುರುಕು ಹುಡುಗನ ಕಡೆಗೆ. ನೋಡಬೇಕಾದದ್ದು ಹಿಂದಿನ ಸಾಲಿನ ದಡ್ಡನನ್ನು, ದಪ್ಪನೆಯವನನ್ನು, ಅಂಜುಕುಳಿಯನ್ನು. ಅವನು ತಪ್ಪಿದಾಗ ಗುರು ಹತ್ತಿರ ಹೋಗಿ ಕಾಲು ಸರಿಪಡಿಸುತ್ತಾನೋ, ಎಲ್ಲರ ಮುಂದೆ ನಗೆಪಾಟಲು ಮಾಡುತ್ತಾನೋ? ಸೇರಿದ ಮೊದಲ ವರ್ಷ ಪ್ರತಿ ಮಗುವೂ ಆ ಹಿಂದಿನ ಸಾಲಿನಲ್ಲೇ ಇರುತ್ತದೆ.

ಮೊದಲ ದಿನ ಉಗುರು ಕತ್ತರಿಸಿರಬೇಕು. ಉಂಗುರ, ಕಡಗ, ಕೊರಳ ಸರ ಮನೆಯಲ್ಲೇ ಇರಬೇಕು. ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು. ಗರಡಿಯಾದರೆ ಎದುರಾಳಿ ಅಷ್ಟು ಬೇಗ ಸಿಗುವುದಿಲ್ಲ. ಹೊಸಬನ ಕೈಗೆ ಉಸ್ತಾದರು ಕೊಡುವುದು ಗುದ್ದಲಿ. ಮಟ್ಟಿಯನ್ನು ಮೂಲೆಯಿಂದ ಮೂಲೆಗೆ ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ, ಮಟ್ಟಸ ಮಾಡಬೇಕು. ಅರ್ಧ ಗಂಟೆಯಲ್ಲಿ ಅಂಗೈ ಬೊಬ್ಬೆ ಬರುತ್ತದೆ, ಬೆನ್ನು ಬೆವರುತ್ತದೆ. ಅಗೆದು ಮುಗಿದ ಮೇಲೆ ಆ ಮಣ್ಣಿನ ಮೇಲೆ ಮೊದಲು ಬೀಳುವವನೂ ಅವನೇ.