ಹುಣಸೆಯ ಲೆಕ್ಕ, ಪೈನ್ ಹಲಗೆಯ ಲೆಕ್ಕ

ರಾಯದುರ್ಗ ಅಂದರೆ ಜೀನ್ಸ್ ಹೊಲಿಯುವ ಊರು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನಾನು ಇಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತೇನೆ. ಹೊರದೇಶದ ಯಂತ್ರಗಳು ಕೆಲವೊಮ್ಮೆ ಪೈನ್ ಹಲಗೆಯ ಪೆಟ್ಟಿಗೆಯಲ್ಲಿ ಬರುತ್ತವೆ. ಹಲಗೆಯ ಮೇಲೆ ಗೋಧಿ ತೆನೆಯ ಗುರುತು, ಪಕ್ಕದಲ್ಲಿ ‘ಎಚ್.ಟಿ.’ ಎಂಬ ಮುದ್ರೆ. ಹುಳ ಸಾಯಲೆಂದು ಮರದ ಒಳಗಿನವರೆಗೂ 56 ಡಿಗ್ರಿ ಶಾಖವನ್ನು 30 ನಿಮಿಷ ಕೊಟ್ಟಿದ್ದಾರೆ ಎಂದು ಅದರ ಅರ್ಥ.

ಉಪ್ಪನ ದಿನಸಿ ಅಂಗಡಿ ಇರುವುದು ಮಡಕಶಿರಾದಲ್ಲಿ. ಅಂಗಡಿಯ ಹಿಂದೆ ಹಳೆಯದೊಂದು ಹುಣಸೆ ಮರ. ಹೋದ ವರ್ಷ ಗೋಡೌನ್ ಕಟ್ಟುವ ಮಾತು ಬಂದಾಗ ಅಣ್ಣ, “ಮರ ತೆಗೆಸೋಣ. ಜಾಗವೂ ಸಿಗುತ್ತದೆ, ಕಟ್ಟಿಗೆಗೆ ದುಡ್ಡೂ ಬರುತ್ತದೆ. ರ್ಯಾಕಿಗೆ ನಿನ್ನ ಪೈನ್ ಹಲಗೆ ತಂದುಕೊಡು” ಎಂದ.

ಅಂದಿನಿಂದ ಎರಡೂ ಮರಗಳನ್ನು ಹೋಲಿಸಿ ನೋಡತೊಡಗಿದೆ. ಪೈನ್ ಶಂಕುಧಾರಿ ಮರ. ಅದಕ್ಕೆ ಹೂವಿಲ್ಲ, ಹಣ್ಣಿಲ್ಲ. ಪರಾಗ ಒಯ್ಯುವುದು ಗಾಳಿ. ಬೀಜ ಕೂರುವುದು ಶಂಕುವಿನ ಪದರಗಳ ನಡುವೆ, ಮೇಲೆ ತಿರುಳಿನ ಹೊದಿಕೆ ಇಲ್ಲದೆ. ಕಾಂಡ ನೆಟ್ಟಗೆ, ಹಲಗೆ ಹಗುರ, ಮೊಳೆ ಸಲೀಸಾಗಿ ಇಳಿಯುತ್ತದೆ. ಹುಣಸೆ ಅಂಕುಡೊಂಕು. ಅದರ ಚೇಗು ಗರಗಸದ ಹಲ್ಲನ್ನೇ ಮೊಂಡು ಮಾಡುತ್ತದೆ. ಮಾಂಸದಂಗಡಿಯ ಕೊರಡಿಗೆ ಹುಣಸೆಯೇ ಬೇಕೆನ್ನುವುದು ಅದಕ್ಕೆ. ಆದರೆ ಮುಂಗಾರು ಹತ್ತಿರವಾದಾಗ ಕೆಂಪು ಗೆರೆಯ ಹಳದಿ ಹೂ ಬಿಡುತ್ತದೆ, ಜೇನು ಬರುತ್ತದೆ, ಸಂಕ್ರಾಂತಿ ಕಳೆದ ಮೇಲೆ ಹಣ್ಣಾಗುತ್ತದೆ.

ಉಪ್ಪ ಹಾಕಿದ್ದು ಅಂಗಡಿಯವರ ಲೆಕ್ಕ. “ಕಟ್ಟಿಗೆಯ ದುಡ್ಡು ಒಂದೇ ಸಲ, ಹಣ್ಣಿನದು ವರ್ಷ ವರ್ಷ. ಹೊಲದಲ್ಲಿ ಕೆಲಸ ಇಲ್ಲದ ಬೇಸಿಗೆಯಲ್ಲಿ ಕೇರಿಯ ನಾಲ್ಕು ಹೆಂಗಸರು ಇದೇ ನೆರಳಲ್ಲಿ ಕೂತು ನಾರು, ಬೀಜ ಬಿಡಿಸುತ್ತಾರೆ. ಹಣ್ಣು ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ, ಅವರ ಕೂಲಿ ನಮ್ಮ ಅಂಗಡಿಗೇ ಅಕ್ಕಿ-ಬೇಳೆಗೆ ಬರುತ್ತದೆ. ಮರ ಹೋದರೆ ಅವರೆಲ್ಲಿ ಕೂರಬೇಕು?” ಅಣ್ಣನ ಬಳಿ ಉತ್ತರ ಇರಲಿಲ್ಲ.

ಹುಣಸೆಯ ಮೂಲ ಆಫ್ರಿಕಾ. ಅರಬರು ಅದನ್ನು ‘ತಮ್ರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು. ಇಂಗ್ಲಿಷಿನ ‘ಟ್ಯಾಮರಿಂಡ್’ ಬಂದದ್ದು ಅದರಿಂದಲೇ. ಹೊರಗಿನಿಂದ ಬಂದ ಮರ ಈಗ ಇಲ್ಲಿನವರ ಸಾರಿನಲ್ಲಿದೆ. ವ್ಯಾಪಾರಕ್ಕೆಂದು ಕರಾವಳಿಯಿಂದ ಬಂದು ಇಲ್ಲಿ ಬೇರು ಬಿಟ್ಟ ನಮ್ಮಂಥ ಬ್ಯಾರಿ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೋಡೌನ್ ಆರು ಅಡಿ ಚಿಕ್ಕದಾಯಿತು. ಒಳಗಿನ ರ್ಯಾಕುಗಳು ಪೈನ್ ಹಲಗೆಯವು, ಗೋಡೆಯಾಚೆ ಹುಣಸೆ ನಿಂತಿದೆ. ಈ ಸಲ ಹಣ್ಣು ಬಡಿಸಲು ಅಣ್ಣನೇ ಆಳು ಕರೆದ.